ಅಮೋನಿಯ ಏರಿದೆ ಎಂದು ಸುಣ್ಣದ ಚೀಲ ಬಿಚ್ಚಬೇಡಿ

"ಸಿಗಡಿ ಮಂಕಾಗಿದೆ, ಟ್ರೇನಲ್ಲಿ ಮೇವು ಹಾಗೇ ಉಳಿದಿದೆ, ಕಿಟ್‌ನಲ್ಲಿ ಅಮೋನಿಯ 2 ತೋರಿಸ್ತಿದೆ. ಸುಣ್ಣ ಎಷ್ಟು ಚೀಲ ಹಾಕಲಿ ಸಾರ್?" ಈ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದು ಮರುಪ್ರಶ್ನೆ: ಪಿಎಚ್ (ನೀರಿನ ಆಮ್ಲ-ಕ್ಷಾರ ಅಳತೆ) ಎಷ್ಟಿದೆ, ಅದನ್ನು ನೋಡಿದ್ದು ಎಷ್ಟು ಹೊತ್ತಿಗೆ? ಬಹುತೇಕ ಸಲ ಆ ಕಡೆಯಿಂದ ಮೌನ. ಇನ್ನು ಕೆಲವು ಸಲ, ಸುಣ್ಣ ಆಗಲೇ ಹೊಂಡಕ್ಕೆ ಬಿದ್ದಿರುತ್ತದೆ.

ಕಿಟ್ ತೋರಿಸುವುದು ಒಟ್ಟು ಅಮೋನಿಯವನ್ನು. ನೀರಿನಲ್ಲಿ ಅದಕ್ಕೆ ಎರಡು ರೂಪ. ಅಮೋನಿಯಂ ಅಯಾನಾಗಿ ಇರುವ ಪಾಲು ಹೆಚ್ಚು ಕಾಟ ಕೊಡುವುದಿಲ್ಲ. ಅನಿಲ ರೂಪದ ಪಾಲು ಕಿವಿರಿನ ಮೂಲಕ ಸಲೀಸಾಗಿ ಒಳಹೊಕ್ಕು ಕೊಲ್ಲುತ್ತದೆ. ಯಾವ ಪಾಲು ಎಷ್ಟಿರಬೇಕೆಂದು ನಿರ್ಧರಿಸುವುದು ಮುಖ್ಯವಾಗಿ ಪಿಎಚ್, ಅದರ ಹಿಂದೆ ಉಷ್ಣತೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇಕಡಾ 1ಕ್ಕಿಂತ ಕಡಿಮೆ. 8ಕ್ಕೆ ಬಂದರೆ ಸುಮಾರು 6.5, 9ಕ್ಕೆ ಏರಿದರೆ ಸುಮಾರು 40. ಉಪ್ಪುನೀರಿನಲ್ಲಿ ಈ ಅಂಕಿಗಳು ತುಸು ಇಳಿಯುತ್ತವೆ, ಆದರೆ ಏರುವ ರೀತಿ ಅದೇ.

ಈಗ ಅದೇ 2ನ್ನು ಲೆಕ್ಕ ಹಾಕಿ. ಪಿಎಚ್ 7.6 ಇದ್ದಾಗ ಲೀಟರ್‌ಗೆ 2 ಮಿಲಿಗ್ರಾಂ ಒಟ್ಟು ಅಮೋನಿಯದಲ್ಲಿ ವಿಷದ ಪಾಲು 0.05ರ ಆಸುಪಾಸು. ಸಿಗಡಿಗೆ ಹಿತವಲ್ಲ, ಆದರೆ ಸಾಯುವ ಮಟ್ಟವೂ ಅಲ್ಲ. ಅಲ್ಲಿಗೆ ಅರಳಿಸಿದ ಸುಣ್ಣ ಸುರಿದು ಪಿಎಚ್ 8.8 ಮಾಡಿದಿರಿ ಎಂದಿಟ್ಟುಕೊಳ್ಳಿ. ವಿಷದ ಪಾಲು 0.6ಕ್ಕೆ ಜಿಗಿಯುತ್ತದೆ. ಹನ್ನೊಂದು ಪಟ್ಟು! ಹೊಂಡಕ್ಕೆ ಒಂದು ಕಾಳು ಅಮೋನಿಯವೂ ಹೊಸದಾಗಿ ಸೇರಿಲ್ಲ, ಕಿಟ್‌ನಲ್ಲಿ ಈಗಲೂ ಅದೇ 2. ಮರುದಿನ ಬೆಳಿಗ್ಗೆ ಸತ್ತ ಸಿಗಡಿ ಕಂಡಾಗ "ಸುಣ್ಣ ಕಡಿಮೆ ಆಯ್ತೇನೋ" ಎಂದು ಇನ್ನೊಂದು ಚೀಲ ತರುವವರೂ ಇದ್ದಾರೆ.

ಈ ಅಭ್ಯಾಸ ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ. ಹೊಂಡ ಒಣಗಿಸಿದಾಗ ತಳಕ್ಕೆ ಸುಟ್ಟ ಸುಣ್ಣ ಹಾಕುವುದು ಸರಿಯಾದ ಕೆಲಸವೇ, ಅಲ್ಲಿ ಕ್ರಿಮಿ ಕೊಲ್ಲಲು ಬೇಕಾಗಿರುವುದೇ ಪಿಎಚ್‌ನ ಆ ಜಿಗಿತ. ಜೀವ ತುಂಬಿದ ಹೊಂಡಕ್ಕೆ ಅದೇ ಚೀಲ ಹೋದಾಗ ಅನಾಹುತ. ಸುಣ್ಣದ ಕಲ್ಲಿನ ಪುಡಿಯ ಗುಣ ಬೇರೆ: ಅದು ನಿಧಾನ ಕರಗುತ್ತದೆ, ಪಿಎಚ್ಅನ್ನು 8.3ರ ಆಚೆ ತಳ್ಳುವುದಿಲ್ಲ. ನೀರು ಆಗಲೇ ಆ ಮಟ್ಟದಲ್ಲಿದ್ದರೆ ಕರಗದೆ ತಳದಲ್ಲಿ ಕೂರುತ್ತದೆ, ಅಷ್ಟೆ. ಎರಡನ್ನೂ "ಸುಣ್ಣ" ಎಂದೇ ಕರೆಯುವುದು ಅರ್ಧ ಗೊಂದಲಕ್ಕೆ ಕಾರಣ. ಚೀಲದ ಮೇಲೆ ಏನು ಬರೆದಿದೆ ಎಂದು ಓದಿ.

ಪಿಎಚ್ಅನ್ನು ದಿನಕ್ಕೆ ಎರಡು ಸಲ ನೋಡಬೇಕು, ಬೆಳಿಗ್ಗೆ 6ಕ್ಕೆ ಮತ್ತು ಮಧ್ಯಾಹ್ನ 3ರ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಆಳದಲ್ಲಿ. ಹಗಲಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಪಿಎಚ್ ಏರುತ್ತದೆ, ರಾತ್ರಿ ಇಳಿಯುತ್ತದೆ. ಬೆಳಿಗ್ಗೆ 7.8 ನೋಡಿ ನೆಮ್ಮದಿಯಿಂದ ಕುಳಿತ ಹೊಂಡವೇ ಮಧ್ಯಾಹ್ನ 8.9 ಮುಟ್ಟಿರಬಹುದು. ವ್ಯತ್ಯಾಸ 0.5 ದಾಟುತ್ತಿದ್ದರೆ ಪಾಚಿ ಹೆಚ್ಚಾಗಿದೆ, ಇಲ್ಲವೇ ಕ್ಷಾರತೆ, ಅಂದರೆ ಪಿಎಚ್ ಏರಿಳಿತವನ್ನು ತಡೆಯುವ ನೀರಿನ ಶಕ್ತಿ, ಕಡಿಮೆಯಾಗಿದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಹಾಗೆಂದು ಪಾಚಿಗೆ ಮೈಲುತುತ್ತ ಹಾಕಲು ಹೋಗಬೇಡಿ. ಒಮ್ಮೆಗೇ ಸತ್ತ ಪಾಚಿ ಕೊಳೆತು ಆಮ್ಲಜನಕ ತಿನ್ನುತ್ತದೆ, ಅಮೋನಿಯವನ್ನೂ ಬಿಡುತ್ತದೆ.

ಅಮೋನಿಯ ಬರುವುದು ಮೇವಿನಿಂದ. ಶೇಕಡಾ 35 ಪ್ರೋಟೀನ್ ಇರುವ ಮೇವನ್ನು ದಿನಕ್ಕೆ 100 ಕಿಲೋ ಹಾಕಿದರೆ ಸುಮಾರು 3 ಕಿಲೋ ಅಮೋನಿಯ ಸಾರಜನಕ ನೀರಿಗೆ ಸೇರುತ್ತದೆ. 4000 ಚದರ ಮೀಟರ್, ಒಂದೂವರೆ ಮೀಟರ್ ಆಳದ ಹೊಂಡ ಎಂದರೆ 6000 ಘನ ಮೀಟರ್ ನೀರು. ಪಾಚಿ, ಬ್ಯಾಕ್ಟೀರಿಯ ಯಾವುದೂ ತಿನ್ನದಿದ್ದರೆ ದಿನಕ್ಕೆ ಲೀಟರ್‌ಗೆ 0.5 ಮಿಲಿಗ್ರಾಂ ಏರಿಕೆ. ಆದ್ದರಿಂದ ಮೊದಲು ಕೈ ಹಿಡಿಯಬೇಕಾದದ್ದು ಮೇವಿನ ಡಬ್ಬದಲ್ಲಿ: ಎರಡು ಮೂರು ದಿನ ಅರ್ಧಕ್ಕೆ ಇಳಿಸಿ, ಆಮ್ಲಜನಕ ಲೀಟರ್‌ಗೆ 3 ಮಿಲಿಗ್ರಾಂಗಿಂತ ಕೆಳಗಿದ್ದರೆ ಪೂರ್ತಿ ನಿಲ್ಲಿಸಿ. ನಡುವಿನ ತೂಬಿನಿಂದ ಕೆಸರು ಹೊರಹಾಕಿ. ನೀರಿಗೆ ಗಾಳಿ ಬೆರೆಸುವ ಏರೇಟರ್ ರಾತ್ರಿಯಿಡೀ ಓಡಲಿ. ಒಂದು ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಕ್ಕೆ ನಾಲ್ಕೂವರೆ ಗ್ರಾಂನಷ್ಟು ಆಮ್ಲಜನಕ ಬೇಕು. ವಿದ್ಯುತ್ ಉಳಿಸಲು ಏರೇಟರ್ ನಿಲ್ಲಿಸಿ ಬ್ಯಾಕ್ಟೀರಿಯದ ಪುಡಿಗೆ ಹಣ ಸುರಿಯುವ ಜಾಣತನ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಮೋನಿಯವನ್ನು ಹಿಡಿದಿಟ್ಟುಕೊಳ್ಳುವ ಖನಿಜ ಜಿಯೋಲೈಟ್ ಸಿಹಿನೀರಲ್ಲಿ ಒಂದಿಷ್ಟು ಕೆಲಸ ಮಾಡುತ್ತದೆ. ಉಪ್ಪುನೀರಲ್ಲಿ ಸೋಡಿಯಂ ಅಮೋನಿಯದ ಜಾಗ ಹಿಡಿದುಬಿಡುವುದರಿಂದ ಪ್ರಯೋಜನ ಅಷ್ಟಕ್ಕಷ್ಟೆ.

ಅಮೋನಿಯ ಇಳಿಸಲು ಬೆಲ್ಲದ ಕಾಕಂಬಿ ಹಾಕುವವರಿಗೆ ಒಂದು ಮಾತು. ಒಂದು ಕಿಲೋ ಅಮೋನಿಯ ಸಾರಜನಕಕ್ಕೆ 15 ಕಿಲೋದಷ್ಟು ಸಕ್ಕರೆ ಅಂಶ ಬೇಕು, ಅದನ್ನು ತಿನ್ನುವ ಬ್ಯಾಕ್ಟೀರಿಯ ಆಮ್ಲಜನಕವನ್ನೂ ಚೆನ್ನಾಗಿ ಹೀರುತ್ತದೆ. ಹಗಲು ಹೊತ್ತಿನಲ್ಲಿ, ಪಾಲು ಪಾಲಾಗಿ ಹಾಕಿ. ಸಂಜೆ ಬೇಡ.

ಕ್ಷಾರತೆಯನ್ನೂ ನೋಡಿ. ಅದೇ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಏಳು ಗ್ರಾಂಗಿಂತ ಹೆಚ್ಚು ಕ್ಷಾರತೆ ಖರ್ಚಾಗುತ್ತದೆ, ಆದ್ದರಿಂದ ಮೇವು ಹೆಚ್ಚಿದಷ್ಟೂ ಅದು ಸದ್ದಿಲ್ಲದೆ ಇಳಿಯುತ್ತದೆ. ಲೀಟರ್‌ಗೆ 100 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಅಡುಗೆ ಸೋಡಾ ಹಾಕಿ: ಕ್ಷಾರತೆ 10 ಏರಿಸಲು ಘನ ಮೀಟರ್‌ಗೆ 17 ಗ್ರಾಂ. ಮೇಲೆ ಹೇಳಿದ ಹೊಂಡದಲ್ಲಿ 60ರಿಂದ 100ಕ್ಕೆ ಏರಿಸಲು ಸುಮಾರು 400 ಕಿಲೋ. ಒಂದೇ ದಿನ ಅಲ್ಲ, ನಾಲ್ಕು ದಿನ ಸಮನಾಗಿ ಹಂಚಿ, ನೀರಲ್ಲಿ ಕರಗಿಸಿ ಹಾಕಿ. ಇನ್ನು ಕೆಲವರು ಇದರ ತಿರುಗುಮುರುಗು ಮಾಡುತ್ತಾರೆ: ಅಮೋನಿಯಕ್ಕೆ ಹೆದರಿ ಆಮ್ಲ ಹಾಕಿ ಪಿಎಚ್ 7ಕ್ಕೆ ಇಳಿಸಲು ಹೊರಡುತ್ತಾರೆ. ತಳದ ಕಪ್ಪು ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅದು ಅಪಾಯ, ಹೈಡ್ರೋಜನ್ ಸಲ್ಫೈಡ್ ಪಿಎಚ್ ಇಳಿದಷ್ಟೂ ಹೆಚ್ಚು ವಿಷ.

ಏನೇ ಹಾಕುವುದಾದರೂ ಮೊದಲು ಬಕೆಟ್‌ನಲ್ಲಿ ನೋಡಿ. ಹೊಂಡದ ನೀರು 10 ಲೀಟರ್ ತೆಗೆದುಕೊಂಡು, ಘನ ಮೀಟರ್‌ಗೆ 20 ಗ್ರಾಂ ಲೆಕ್ಕವಿದ್ದರೆ 0.2 ಗ್ರಾಂ ತೂಗಿ ಕರಗಿಸಿ, ಅರ್ಧ ಗಂಟೆ ಬಿಟ್ಟು ಪಿಎಚ್ ಅಳೆಯಿರಿ. ಬಕೆಟ್‌ನಲ್ಲಿ 8.3 ದಾಟಿದರೆ ಆ ಚೀಲ ಶೆಡ್ಡಿಗೆ ವಾಪಸ್ ಹೋಗಲಿ. ನೆರಳಲ್ಲಿಟ್ಟ ಬಕೆಟ್‌ನಲ್ಲಿ ಮಧ್ಯಾಹ್ನದ ಬಿಸಿಲೂ ಪಾಚಿಯ ಕೆಲಸವೂ ಇರುವುದಿಲ್ಲ, ಹೊಂಡದಲ್ಲಿ ಅದಕ್ಕಿಂತ ಇನ್ನೂ ಮೇಲಕ್ಕೆ ಹೋಗುತ್ತದೆ.