ಚಪ್ಪಾಳೆ ಒಂದು ಕಡೆ, ಕಷ್ಟ ಇನ್ನೊಂದು ಕಡೆ

ಉದ್ದ ಹಿಡಿಯ ಪೊರಕೆಯೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ. ಎರಡು ಮೂರು ಸಲ ಬಿದ್ದರೂ ಆಮೇಲೆ ನಿಲ್ಲುತ್ತದೆ. ಈಗ ಅದೇ ಕೆಲಸವನ್ನು ಪೆನ್ಸಿಲ್‌ನಲ್ಲಿ ಮಾಡಿ. ಸಂಜೆಯವರೆಗೆ ಕೂತರೂ ಆಗುವುದಿಲ್ಲ. ಚೀನಾಕ್ಕೆ ಹೋಗಿ ಅಕ್ರೋಬ್ಯಾಟಿಕ್ಸ್ ನೋಡುವವರು ಟಿಕೆಟ್ ತೆಗೆಯುವ ಮೊದಲು ಈ ಒಂದು ಪ್ರಯೋಗ ಮಾಡಿಕೊಂಡರೆ ಸಾಕು. ಎತ್ತರವಾದದ್ದು, ಭಾರವಾದದ್ದು, ವೇಗವಾದದ್ದು ಕಂಡರೆ ನಮ್ಮ ಕೈ ಚಪ್ಪಾಳೆ ಹೊಡೆಯುತ್ತದೆ. ನಿಜವಾದ ಕಷ್ಟ ಬಹಳ ಸಲ ಬೇರೆ ಜಾಗದಲ್ಲಿ, ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಪೊರಕೆ ಲೆಕ್ಕ ಸರಳ. ನೆಟ್ಟಗೆ ನಿಂತ ಕೋಲು ಬೀಳಲು ತೆಗೆದುಕೊಳ್ಳುವ ಸಮಯ ಅದರ ಉದ್ದದ ವರ್ಗಮೂಲದ ಜೊತೆ ಹೆಚ್ಚುತ್ತದೆ. ಉದ್ದ 9 ಪಟ್ಟು ಆದರೆ ಬೀಳುವುದು 3 ಪಟ್ಟು ನಿಧಾನ. 20 ಸೆಂಟಿಮೀಟರಿನ ಪೆನ್ಸಿಲ್ ಸ್ವಲ್ಪ ಓರೆಯಾಯಿತು ಎನ್ನಿ. ಆ ಓರೆ ಸುಮಾರು 0.12 ಸೆಕೆಂಡಿನಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ ಬೆಳೆದುಬಿಡುತ್ತದೆ. ಕಣ್ಣು ನೋಡಿ, ಮಿದುಳು ತಿಳಿದು, ಕೈ ಅಲುಗಾಡಲು ಬೇಕಾಗುವುದೇ ಸುಮಾರು 0.2 ಸೆಕೆಂಡು. ಅಂದರೆ ನಾವು ಹೊರಡುವ ಮೊದಲೇ ಪೆನ್ಸಿಲ್ ಕೈತಪ್ಪಿರುತ್ತದೆ. 180 ಸೆಂಟಿಮೀಟರಿನ ಕೋಲಿಗೆ ಅಷ್ಟೇ ಓರೆಯಾಗಲು ಸುಮಾರು 0.35 ಸೆಕೆಂಡು ಬೇಕು. ಅಷ್ಟರಲ್ಲಿ ಕೈ ಬಂದು ಸರಿಮಾಡುತ್ತದೆ.

ಬೀಜಿಂಗಿನ ಚಾವೊಯಾಂಗ್ ಥಿಯೇಟರಿನಲ್ಲೋ ಶಾಂಘೈ ಸರ್ಕಸ್ ವರ್ಲ್ಡ್‌ನಲ್ಲೋ ಹಣೆಯ ಮೇಲೆ ಉದ್ದದ ಬಿದಿರು ನಿಲ್ಲಿಸಿದವನನ್ನು ಕಂಡರೆ ಇದನ್ನು ನೆನಪಿಸಿಕೊಳ್ಳಿ. ಬಿದಿರಿನ ಉದ್ದ ಅವನಿಗೆ ಶತ್ರು ಅಲ್ಲ, ಸಹಾಯಕ. ಆಳೆತ್ತರದ ಒಂಟಿಚಕ್ರದ ಸೈಕಲ್ ಮೇಲೆ ಕೂತು, ಕಾಲಿನ ಮೇಲಿಟ್ಟ ಬಟ್ಟಲನ್ನು ಚಿಮ್ಮಿ ತಲೆಯ ಮೇಲೆ ಕೂರಿಸಿಕೊಳ್ಳುವ ಹುಡುಗಿಯರ ಆಟ ತುಂಬಾ ಜನಪ್ರಿಯ. ಅಲ್ಲೂ ಸೈಕಲ್ಲಿನ ಎತ್ತರ ನೋಡಿ ಜನ ಉಸಿರು ಬಿಗಿಹಿಡಿಯುತ್ತಾರೆ. ಎತ್ತರದಿಂದ ಬಿದ್ದರೆ ಪೆಟ್ಟು ಜಾಸ್ತಿ, ನಿಜ. ಆದರೆ ಬೀಳುವುದೇ ನಿಧಾನ. ಕಷ್ಟ ಇರುವುದು ಬಟ್ಟಲು ಚಿಮ್ಮುವ ಹೊತ್ತಿನಲ್ಲಿ. ಒಂದು ಕಾಲು ಪೆಡಲ್ ಬಿಟ್ಟಿರುತ್ತದೆ, ಚಕ್ರ ಒಂದೇ ಕಾಲಿನಲ್ಲಿ ಹಿಂದೆಮುಂದೆ ಆಡುತ್ತಿರಬೇಕು. ಚಿಮ್ಮಿದ ಒದೆತಕ್ಕೆ ಮೈ ಹಿಂದಕ್ಕೆ ಹೋಗುತ್ತದೆ, ಅದನ್ನು ಮೊದಲೇ ಅಂದಾಜು ಮಾಡಿ ಮುಂದಕ್ಕೆ ಬಾಗಿರಬೇಕು. ನೀವು ಬಟ್ಟಲು ನೋಡಬೇಡಿ. ಪೆಡಲ್ ಮೇಲೆ ಉಳಿದ ಆ ಒಂದು ಕಾಲನ್ನು ನೋಡಿ.

ಕುರ್ಚಿಗಳ ಗೋಪುರವೂ ಹೀಗೇ. ನಾಲ್ಕು ಗಾಜಿನ ಬಾಟಲಿ, ಅದರ ಮೇಲೆ ಒಂದು ಕುರ್ಚಿ, ಅದರ ಮೇಲೆ ಇನ್ನೊಂದು, ಮತ್ತೊಂದು. ತುದಿಯಲ್ಲಿ ಒಬ್ಬ ತಲೆಕೆಳಗಾಗಿ ನಿಲ್ಲುತ್ತಾನೆ. ಬಾಟಲಿ ಒಡೆದರೆ ಎಂದು ಎಲ್ಲರಿಗೂ ಭಯ. ಗಾಜು ಎಳೆತಕ್ಕೆ, ಬಾಗುವುದಕ್ಕೆ ಬೇಗ ಸೋಲುತ್ತದೆ. ನೇರವಾಗಿ ಅದುಮಿದರೆ ಬಹಳ ಗಟ್ಟಿ. ಮೇಲಿನ ಭಾರ ಕುರ್ಚಿಗಳನ್ನು ಒಂದಕ್ಕೊಂದು ಒತ್ತಿ ಘರ್ಷಣೆಯನ್ನೂ ಹೆಚ್ಚಿಸುತ್ತದೆ. ಅಪಾಯ ಬರುವುದು ಪಕ್ಕಕ್ಕೆ ತಳ್ಳುವ ಬಲದಿಂದ. ಅದಕ್ಕೇ ಅವನು ಹೊಸ ಕುರ್ಚಿ ಇಡುವಾಗ ಅಷ್ಟು ನಿಧಾನ. ನಾಟಕೀಯತೆಗೂ ಸ್ವಲ್ಪ ಇರಬಹುದು, ಬಿಡಿ. ಸೊಂಟಕ್ಕೆ ಕಟ್ಟಿದ ರಕ್ಷಣೆಯ ತಂತಿ ಕಂಡರೆ ಬೇಸರ ಬೇಡ. ಅದು ಸಡಿಲವಾಗಿರುತ್ತದೆ. ಬಿದ್ದವನನ್ನು ಹಿಡಿಯುತ್ತದೆ, ನಿಂತವನಿಗೆ ಆಸರೆ ಕೊಡುವುದಿಲ್ಲ.

ಈ ಆಟದಲ್ಲಿ ನೋಡಬೇಕಾದ್ದು ಬೆರಳು. ತಲೆಕೆಳಗಾಗಿ ನಿಂತಾಗ ಪಾದದ ಕೆಲಸ ಅಂಗೈಗೆ ಬರುತ್ತದೆ. ಆದರೆ ಅಂಗೈ ಪಾದಕ್ಕಿಂತ ಚಿಕ್ಕದು, ಮಣಿಕಟ್ಟಿನ ಸ್ನಾಯು ಕಣಕಾಲಿನದಕ್ಕಿಂತ ಸಣ್ಣದು. ಮೈ ಬೆರಳಿನ ಕಡೆ ವಾಲಿದರೆ ಬೆರಳಿನಿಂದ ನೆಲ ಒತ್ತಿ ಹಿಂದಕ್ಕೆ ತರಬಹುದು. ಮಣಿಕಟ್ಟಿನ ಕಡೆ ವಾಲಿದರೆ ಅಷ್ಟು ಸುಲಭದ ದಾರಿ ಇಲ್ಲ. ಹಾಗಾಗಿ ಅಭ್ಯಾಸ ಇದ್ದವರು ಭಾರವನ್ನು ಯಾವಾಗಲೂ ಒಂದು ಚೂರು ಬೆರಳಿನ ಕಡೆಗೇ ಇಟ್ಟುಕೊಂಡು, ಬೆರಳುಗಳಲ್ಲಿ ಬಿಡದೆ ಒತ್ತುತ್ತ, ಸಡಿಲಿಸುತ್ತ ಇರುತ್ತಾರೆ. ಹತ್ತಿರದಿಂದ ನೋಡಿದರೆ ಬೆರಳಿನ ತುದಿಗಳು ಬಿಳಿಚಿಕೊಳ್ಳುವುದು, ಮತ್ತೆ ಕೆಂಪಾಗುವುದು ಕಾಣುತ್ತದೆ. ಕಣ್ಣನ್ನೂ ಗಮನಿಸಿ. ಎರಡು ಕೈಗಳ ನಡುವಿನ ಒಂದು ಚುಕ್ಕೆಯನ್ನೇ ಅವರು ನೋಡುತ್ತಿರುತ್ತಾರೆ. ಒಳಕಿವಿಯ ಸಮತೋಲನದ ಅಂಗ ಕೊಡುವ ಸುದ್ದಿ ಇಲ್ಲಿ ಸಾಕಾಗುವುದಿಲ್ಲ. ಕಣ್ಣು ಮುಚ್ಚಿದರೆ ತೂಗಾಟ ತಕ್ಷಣ ಹೆಚ್ಚುತ್ತದೆ. ನೀವೇ ಒಂಟಿಕಾಲಿನಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ, ಗೊತ್ತಾಗುತ್ತದೆ.

ತಟ್ಟೆ ತಿರುಗಿಸುವ ಆಟದ ಬಗ್ಗೆ ಬೇಗ ಹೇಳಿ ಮುಗಿಸಬಹುದು. ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗುರುತ್ವ ಎಳೆದರೂ ತಟ್ಟೆ ಉರುಳುವ ಬದಲು ಅಕ್ಷವನ್ನು ನಿಧಾನವಾಗಿ ಸುತ್ತಿಸುತ್ತದೆ. ಬಿದಿರು ಕಡ್ಡಿಯ ತುದಿಯನ್ನು ಸಣ್ಣ ವೃತ್ತದಲ್ಲಿ ಆಡಿಸುತ್ತ ಇದ್ದರೆ ಘರ್ಷಣೆಯಲ್ಲಿ ಕಳೆದ ವೇಗ ವಾಪಸ್ ಬರುತ್ತದೆ. ಒಂದು ಕೈಯಲ್ಲಿ ನಾಲ್ಕೈದು ಕಡ್ಡಿ ಹಿಡಿದರೂ ಮಣಿಕಟ್ಟಿನ ಚಲನೆ ಒಂದೇ. ಆಡುತ್ತಲೇ ಅವರು ಹಿಂದಕ್ಕೆ ಬಾಗಿ, ಹಲ್ಲಿನಲ್ಲಿ ಹೂವು ಎತ್ತಿ, ಒಬ್ಬರ ಮೇಲೊಬ್ಬರು ಹತ್ತುವಾಗ ಮಾತ್ರ ಆ ಮಣಿಕಟ್ಟು ಒಂದೇ ಲಯದಲ್ಲಿ ಉಳಿಯುವುದು ದೊಡ್ಡ ವಿಷಯ.

ಇನ್ನು ಕೊನೆಗೆ ಬರುವ ಮೋಟಾರ್‌ಸೈಕಲ್ ಗೋಳ. ಇದು ಸಂಪ್ರದಾಯದ್ದೇನಲ್ಲ, ಆದರೂ ಪ್ರವಾಸಿಗಳಿಗೆ ಸಿಗುವ ಬಹುತೇಕ ಪ್ರದರ್ಶನಗಳಲ್ಲಿ ಇರುತ್ತದೆ. ಸ್ಟೀಲ್ ಜಾಲರಿಯ ಗೋಳದೊಳಗೆ ಬೈಕುಗಳು ಅಡ್ಡಡ್ಡ, ಉದ್ದುದ್ದ ಸುತ್ತುತ್ತವೆ. ಸವಾರ ಸುತ್ತುವ ದಾರಿಯ ತ್ರಿಜ್ಯ 3 ಮೀಟರ್ ಎಂದುಕೊಳ್ಳಿ. ಮೇಲ್ಭಾಗದಲ್ಲಿ ಬೀಳದೆ ಇರಲು ಎಷ್ಟು ವೇಗ ಬೇಕು? ಗಂಟೆಗೆ ಸುಮಾರು 20 ಕಿಲೋಮೀಟರ್ ಮಾತ್ರ. ಬೆಂಗಳೂರಿನ ಟ್ರಾಫಿಕ್‌ನಲ್ಲೂ ಸಿಗುವ ವೇಗ, ಅಲ್ವಾ? ಆದರೆ ಆ ವೇಗದಲ್ಲಿ ಒಂದು ಸುತ್ತಿಗೆ ಮೂರೂವರೆ ಸೆಕೆಂಡು. ಒಂದೇ ಹಾದಿಯಲ್ಲಿ ಎಂಟು ಬೈಕು ಸಮ ಅಂತರದಲ್ಲಿ ಓಡಿದರೆ ಒಬ್ಬ ಹೋದ ಜಾಗಕ್ಕೆ ಇನ್ನೊಬ್ಬ ಬರಲು ಅರ್ಧ ಸೆಕೆಂಡೂ ಇಲ್ಲ. ಗುರುತ್ವವನ್ನು ಗೆಲ್ಲುವುದು ಇಲ್ಲಿ ಸುಲಭದ ಭಾಗ. ಪಕ್ಕದವನ ಸಮಯ ತಪ್ಪದಿರುವುದೇ ನಿಜವಾದ ಕೆಲಸ.

ಇವೆಲ್ಲ ಪ್ರವಾಸಿಗಳಿಗಾಗಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಷಿಯಾನ್ ನಗರದ ಹತ್ತಿರ ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಆವರಣದಲ್ಲಿ 1999ರಲ್ಲಿ ಒಂದು ಗುಂಡಿ ಅಗೆದಾಗ ಮಣ್ಣಿನ ಸೈನಿಕರ ಬದಲು ಬರೀ ಮೈಯ ಆಟಗಾರರ ಮೂರ್ತಿಗಳು ಸಿಕ್ಕವು. ಜೊತೆಗೆ 212 ಕಿಲೋ ತೂಕದ ಒಂದು ಕಂಚಿನ ಮುಕ್ಕಾಲಿ ಪಾತ್ರೆ. ಹಾನ್ ರಾಜವಂಶದ ಕಾಲದ ಝಾಂಗ್ ಹೆಂಗ್ ಎಂಬ ಪಂಡಿತ ರಾಜಧಾನಿ ಚಾಂಗಾನ್‌ನ ಮೋಜುಗಳನ್ನು ಕಾವ್ಯದಲ್ಲಿ ವರ್ಣಿಸಿದ್ದಾನೆ. ಚೆಂಡು, ಕತ್ತಿ ಎಸೆದು ಹಿಡಿಯುವವರು, ಕಂಬ ಹತ್ತುವವರು, ಹಗ್ಗದ ಎರಡು ತುದಿಯಿಂದ ಹೊರಟು ನಡುವೆ ಎದುರಾಗುವವರು ಎಲ್ಲರೂ ಅದರಲ್ಲಿದ್ದಾರೆ. ಕ್ರಿ.ಶ. 132ರಲ್ಲಿ ಭೂಕಂಪ ಪತ್ತೆಹಚ್ಚುವ ಉಪಕರಣ ಮಾಡಿದವನೂ ಇದೇ ಮನುಷ್ಯ. ಸಮತೋಲನ ತಪ್ಪುವ ಕ್ಷಣದ ಮೇಲೆ ಅವನಿಗೆ ಎರಡು ಕಡೆಯಿಂದಲೂ ಆಸಕ್ತಿ ಇತ್ತು ಎಂದು ನನಗನಿಸುತ್ತದೆ.

ಇನ್ನೂ ಹಳೆಯ ಒಂದು ಕಥೆ ಇದೆ. ಪ್ರಾಚೀನ ಚೀನಾದ ಸೋಂಗ್ ಎಂಬ ರಾಜ್ಯದ ಅರಸನ ಮುಂದೆ ಒಬ್ಬ ಅಲೆಮಾರಿ ಆಟಗಾರ ತನ್ನ ಎರಡು ಪಟ್ಟು ಉದ್ದದ ಮರಗಾಲು ಕಟ್ಟಿಕೊಂಡು ಓಡುತ್ತ, ಏಳು ಕತ್ತಿಗಳನ್ನು ಆಡಿಸಿದನಂತೆ. ಐದು ಯಾವಾಗಲೂ ಗಾಳಿಯಲ್ಲಿ. ಈ ಐದು ಎಂಬ ಲೆಕ್ಕ ನನಗೆ ತುಂಬಾ ಇಷ್ಟ. ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್ 1980ರ ಸುಮಾರಿಗೆ ಹೀಗೆ ಎಸೆದು ಹಿಡಿಯುವ ಆಟಕ್ಕೆ ಒಂದು ಸಮೀಕರಣ ಬರೆದರು. ವಸ್ತು ಗಾಳಿಯಲ್ಲಿರುವ ಸಮಯ, ಕೈಯಲ್ಲಿರುವ ಸಮಯ, ಕೈ ಖಾಲಿ ಇರುವ ಸಮಯ ಮೂರನ್ನೂ ಅದು ಜೋಡಿಸುತ್ತದೆ. ಎರಡು ಕೈ, ಏಳು ಕತ್ತಿ ಹಾಕಿ ನೋಡಿದರೆ ಗಾಳಿಯಲ್ಲಿ ಯಾವಾಗಲೂ ಐದೇ ಇರಬೇಕಾದರೆ ಕೈ ಒಂದು ಕ್ಷಣವೂ ಖಾಲಿ ಇರಬಾರದು. ಕಥೆ ಬರೆದವನು ಸುಮ್ನೆ ಸಂಖ್ಯೆ ಎಸೆದಿಲ್ಲ. ಅರಸ ಖುಷಿಯಾಗಿ ಹೊನ್ನು, ರೇಷ್ಮೆ ಕೊಟ್ಟ. ಸುದ್ದಿ ಕೇಳಿ ಇನ್ನೊಬ್ಬ ಆಟಗಾರನೂ ಬಹುಮಾನಕ್ಕೆ ಬಂದ. ಅರಸನಿಗೆ ಸಿಟ್ಟು ಬಂದು ಅವನನ್ನು ಹಿಡಿದು ಹಾಕಿಸಿದ, ತಿಂಗಳಾದ ಮೇಲೆ ಬಿಟ್ಟ. ಕಲಾವಿದರ ಪಾಡು ಆಗಲೂ ಅಷ್ಟೇ.

ಇವತ್ತಿಗೂ ಹೆಬೈ ಪ್ರಾಂತ್ಯದ ವುಚಿಯಾವ್ ಈ ವಿದ್ಯೆಯ ತವರು ಎನಿಸಿಕೊಂಡಿದೆ. ತೊಂಬತ್ತೊಂಬತ್ತರ ಮುದುಕರಿಂದ ಹಿಡಿದು ಈಗಷ್ಟೇ ನಡೆಯಲು ಕಲಿತ ಮಗುವಿನವರೆಗೆ ಎಲ್ಲರಿಗೂ ಒಂದಲ್ಲ ಒಂದು ವರಸೆ ಬರುತ್ತದೆ ಎಂದು ಅಲ್ಲಿನವರೇ ಹೇಳಿಕೊಳ್ಳುತ್ತಾರೆ. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಸರ್ಕಸ್ ಉತ್ಸವ 1987ರಲ್ಲಿ ಶುರುವಾಯಿತು. ಚಿಕ್ಕ ಮಕ್ಕಳನ್ನು ಇಷ್ಟು ಬೇಗ ಬಗ್ಗಿಸಬೇಕೇ ಎಂಬ ಪ್ರಶ್ನೆ ಪ್ರೇಕ್ಷಕರಿಗೆ ಬರುತ್ತದೆ, ಬರಲೂ ಬೇಕು. ಎಳೆಯ ಕೀಲುಗಳು ಬೇಗ ಸಡಿಲವಾಗುತ್ತವೆ ಎಂಬುದೇ ತರಬೇತಿ ಬೇಗ ಶುರುವಾಗಲು ಕಾರಣ. ಬೆಳೆಯುವ ಬೆನ್ನುಮೂಳೆಗೆ ಪೆಟ್ಟು ಬೀಳುವ ಸಾಧ್ಯತೆಯೂ ಆ ವಯಸ್ಸಿನಲ್ಲೇ ಇರುತ್ತದೆ.

ಸಿಚುವಾನಿನ ಚೆಂಗ್ಡು ನಗರಕ್ಕೆ ಹೋದರೆ ಆಟ ಬದಲಾಗುತ್ತದೆ. ಅಲ್ಲಿನ ಟೀ ಅಂಗಡಿಗಳಲ್ಲಿ ಉದ್ದ ಮೂತಿಯ ಕೆಟಲಿನಿಂದ ಟೀ ಹುಯ್ಯುತ್ತಾರೆ, ನೀವು ಕಡಲೆಬೀಜ ತಿನ್ನುತ್ತ ಕೂತಿರುತ್ತೀರಿ, ವೇದಿಕೆಯಲ್ಲಿ ಮುಖ ಬದಲಾಗುತ್ತದೆ. ಕೆಂಪು ಮುಖದವನು ಬೀಸಣಿಗೆ ಬೀಸಿದ, ನೀಲಿಯಾದ. ತಲೆ ತಿರುಗಿಸಿದ, ಹಳದಿಯಾದ. ತೆಳು ರೇಷ್ಮೆಯ ಮುಖವಾಡಗಳು ಒಂದರ ಮೇಲೊಂದು ಇರುತ್ತವೆ. ಪ್ರತಿಯೊಂದಕ್ಕೂ ದಾರ, ದಾರದ ತುದಿ ಉಡುಪಿನಲ್ಲಿ. ಇಷ್ಟು ಗೊತ್ತಿದ್ದರೂ ಕಣ್ಣಿಗೆ ಸಿಕ್ಕುವುದಿಲ್ಲ. ಯಾಕೆ?

ನಮ್ಮ ಕಣ್ಣು ಎಡೆಬಿಡದೆ ನೋಡುವ ಕ್ಯಾಮೆರಾ ಅಲ್ಲ. ಸೆಕೆಂಡಿಗೆ ಸುಮಾರು ಮೂರು ಸಲ ಒಂದು ಜಾಗದಿಂದ ಇನ್ನೊಂದಕ್ಕೆ ಹಾರುತ್ತದೆ. ಹಾರುವ ಹೊತ್ತಿನಲ್ಲಿ ಬರುವ ಮಸುಕು ಚಿತ್ರವನ್ನು ಮಿದುಳು ಅಡಗಿಸಿಬಿಡುತ್ತದೆ. ದೊಡ್ಡ ಚಲನೆ ಕಂಡರೆ ಕಣ್ಣು ತಾನಾಗೇ ಅದರ ಹಿಂದೆ ಹೋಗುತ್ತದೆ. ಕಲಾವಿದ ತೋಳು ಬೀಸಿದಾಗ ನಿಮ್ಮ ಕಣ್ಣು ತೋಳಿಗೆ ಹಾರಿತು. ವಾಪಸ್ ಮುಖಕ್ಕೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಿಡಿಯಬೇಕೆಂಬ ಹಠ ಇದ್ದರೆ ಬೀಸಣಿಗೆಯನ್ನು ಬಿಟ್ಟು ಗದ್ದದ ಕೆಳಗೇ ಕಣ್ಣು ನೆಡಿ. ಆದರೂ ಸಿಗದಿದ್ದರೆ ಟೀ ಕುಡಿಯಿರಿ.

ಅದೇ ರಂಗದಲ್ಲಿ ಬಾಯಿಂದ ಬೆಂಕಿ ಉಗುಳುವುದೂ ಉಂಟು. ಹಿಂದಿನಿಂದ ಬಂದ ಪದ್ಧತಿಯಲ್ಲಿ ಅದಕ್ಕೆ ಬಳಸುವುದು ಮರದ ರಾಳದ ಪುಡಿ. ಯಕ್ಷಗಾನ ನೋಡಿದವರಿಗೆ ಇದು ಹೊಸದೇನಲ್ಲ. ಮಹಿಷಾಸುರ ಪ್ರವೇಶದಲ್ಲಿ ದೊಂದಿಯ ಮೇಲೆ ರಾಳ ಎರಚಿದಾಗ ಭಗ್ಗನೆ ಏಳುವ ಉರಿಯೂ ಇದೇ ರಸಾಯನ ವಿಜ್ಞಾನ. ಗಟ್ಟಿ ಉಂಡೆಗೆ ಬೆಂಕಿ ಹಚ್ಚಿದರೆ ಹೊಗೆಯಾಡುತ್ತ ನಿಧಾನ ಉರಿಯುತ್ತದೆ. ಅದನ್ನೇ ನುಣ್ಣಗೆ ಪುಡಿ ಮಾಡಿ ಗಾಳಿಗೆ ಹರಡಿದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ. ಎಲ್ಲವೂ ಒಟ್ಟಿಗೇ ಹೊತ್ತಿಕೊಂಡು, ಒಟ್ಟಿಗೇ ಆರಿಹೋಗುತ್ತದೆ. ಕಲಾವಿದ ಬದುಕುಳಿಯುವುದೂ ಬೇಗ ಆರುವುದರಿಂದಲೇ.

ಹಾಡು, ಮಾತು, ಕಾಳಗ ಎಲ್ಲ ಸೇರಿದ ಚೀನೀ ಸಂಗೀತ ನಾಟಕ ಪೀಕಿಂಗ್ ಒಪೆರಾ ನೋಡಲು ಹೋದವರ ಮೊದಲ ದೂರು ಸದ್ದಿನದು. ಬೀಜಿಂಗಿನ ಹುಗುವಾಂಗ್ ಗಿಲ್ಡ್ ಹಾಲ್ 1807ರ ಕಟ್ಟಡ. ಅಂಥ ಹಳೆಯ ರಂಗಮಂದಿರದಲ್ಲಿ ಕಂಚಿನ ಜಾಗಟೆಗಳು ಕಿವಿಗೇ ಬಡಿದ ಹಾಗಾಗುತ್ತದೆ. ದೂರುವ ಬದಲು ಒಂದು ವಿಷಯ ಕೇಳಿಸಿಕೊಳ್ಳಿ. ದೊಡ್ಡ ಜಾಗಟೆ ಹೊಡೆದಾಗ ಸ್ವರ ಮೇಲಿಂದ ಕೆಳಗೆ ಜಾರುತ್ತದೆ. ಚಿಕ್ಕದು ಹೊಡೆದರೆ ಕೆಳಗಿಂದ ಮೇಲೆ ಏರುತ್ತದೆ. ಸಾಮಾನ್ಯ ಗಂಟೆಗಳಲ್ಲಿ ಹೀಗೆ ಕೇಳಿಸುವುದಿಲ್ಲ. ನೆವಿಲ್ ಫ್ಲೆಚರ್, ಥಾಮಸ್ ರಾಸಿಂಗ್ ಎಂಬ ಧ್ವನಿವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. ಜೋರಾಗಿ ಹೊಡೆದಾಗ ತೆಳು ಲೋಹದ ತಟ್ಟೆ ತನ್ನ ದಪ್ಪಕ್ಕೆ ಹೋಲಿಸಿದರೆ ಬಹಳ ದೂರ ಕಂಪಿಸುತ್ತದೆ. ಚಪ್ಪಟೆ ತಟ್ಟೆ ಆಗ ಬಿಗಿಯಾಗುತ್ತದೆ, ಸ್ವರ ಎತ್ತರದಲ್ಲಿ ಶುರುವಾಗಿ ಕಂಪನ ಕಡಿಮೆಯಾದ ಹಾಗೆ ಇಳಿಯುತ್ತದೆ. ನಡುವೆ ಸ್ವಲ್ಪ ಉಬ್ಬಿದ ತಟ್ಟೆಯ ಸ್ವಭಾವ ಉಲ್ಟಾ. ದೊಡ್ಡ ಕಂಪನದಲ್ಲಿ ಅದು ಸಡಿಲ, ಆಮೇಲೆ ಬಿಗಿ. ಸುತ್ತಿಗೆ ಹಿಡಿದ ಕಂಚುಗಾರರು ಯಾವ ಸಮೀಕರಣವೂ ಇಲ್ಲದೆ ಕಿವಿಯಿಂದಲೇ ಈ ಉಬ್ಬು ಸರಿಮಾಡಿಕೊಂಡಿದ್ದರು. ಸೇನಾಪತಿ ಬಂದರೆ ದೊಡ್ಡ ಜಾಗಟೆ, ಹೆಣ್ಣು ಪಾತ್ರವೋ ಹಾಸ್ಯಗಾರನೋ ಬಂದರೆ ಚಿಕ್ಕದು. ಇಷ್ಟು ತಿಳಿದರೆ ಭಾಷೆ ಬಾರದಿದ್ದರೂ ಅರ್ಧ ಕಥೆ ಕಿವಿಗೇ ಸಿಗುತ್ತದೆ.

ಕೂರುವ ಜಾಗದ ವಿಚಾರದಲ್ಲೂ ಎರಡಕ್ಕೂ ಒಂದೇ ನಿಯಮ ಇಲ್ಲ. ಅಕ್ರೋಬ್ಯಾಟಿಕ್ಸ್‌ಗೆ ಮೊದಲ ಸಾಲಿನ ದುಬಾರಿ ಟಿಕೆಟ್ ಬೇಕಿಲ್ಲ. ಕತ್ತು ಮೇಲೆತ್ತಿ ನೋಡುವಾಗ ಗೋಪುರದ ವಾಲಾಟ ಕಾಣುವುದಿಲ್ಲ. ನಡುವಿನ ಸಾಲು ಒಳ್ಳೆಯದು, ಬೆರಳು ನೋಡಲು ಚಿಕ್ಕ ದುರ್ಬೀನು ಇದ್ದರೆ ಇನ್ನೂ ಒಳ್ಳೆಯದು. ಒಪೆರಾಗೆ ಮಾತ್ರ ಹತ್ತಿರವೇ ಸರಿ.

ಪ್ರವಾಸಿಗಳಿಗೆ ಆಗಾಗ ತೋರಿಸುವ ಒಪೆರಾ ದೃಶ್ಯವೊಂದಿದೆ. ಒಂದು ಛತ್ರದ ಕೋಣೆ, ನಡುರಾತ್ರಿ, ಇಬ್ಬರು ಕತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತ ಹೊಡೆದಾಡುತ್ತಾರೆ. ವೇದಿಕೆಯ ದೀಪಗಳೆಲ್ಲ ಪೂರ್ತಿ ಉರಿಯುತ್ತಿರುತ್ತವೆ. ಇಬ್ಬರಿಗೂ ಎಲ್ಲ ಕಾಣುತ್ತದೆ, ಆದರೆ ಕಾಣದವರ ಹಾಗೆ ಇರಬೇಕು. ಎದುರಾಳಿಯನ್ನು ನೇರ ನೋಡುವಂತಿಲ್ಲ, ಕಣ್ಣಂಚಿನಲ್ಲೇ ಅಳತೆ ಹಿಡಿಯಬೇಕು. ಕಣ್ಣಂಚಿಗೆ ಚಲನೆ ಚೆನ್ನಾಗಿ ತಿಳಿಯುತ್ತದೆ, ವಿವರ ತಿಳಿಯುವುದಿಲ್ಲ. ಮುಖದ ಹತ್ತಿರ ಏನಾದರೂ ವೇಗವಾಗಿ ಬಂದರೆ ರೆಪ್ಪೆ ತಾನಾಗೇ ಮುಚ್ಚುತ್ತದೆ. ಇಲ್ಲಿ ಕತ್ತಿ ಮೂಗಿನ ಮುಂದೆ ಗೇಣು ದೂರದಲ್ಲಿ ಹಾದುಹೋಗುತ್ತದೆ. ಕತ್ತಲಲ್ಲಿರುವವನಿಗೆ ಅದು ಕಾಣುವ ಹಾಗಿಲ್ಲವಲ್ಲ, ಹಾಗಾಗಿ ಆ ನಟ ರೆಪ್ಪೆ ಮಿಟುಕಿಸುವಂತೆಯೇ ಇಲ್ಲ. ಸಭೆ ಚಪ್ಪಾಳೆ ಹೊಡೆಯುವುದು ಸ್ವಲ್ಪ ಹೊತ್ತಿನ ಮೇಲೆ, ಅವನು ಮೇಜಿನ ಮೇಲಿಂದ ಪಲ್ಟಿ ಹೊಡೆದಾಗ.