ಸ್ಟ್ಯಾಂಡ್‌ಬೈ ಎಂದರೆ ಎಷ್ಟು ಹೊತ್ತು?

‘ಇದು ಸ್ಟ್ಯಾಂಡ್‌ಬೈ ಜನರೇಟರ್, ಎಷ್ಟು ಹೊತ್ತು ಬೇಕಾದರೂ ಓಡಿಸಿ’ ಎಂಬ ಸಲಹೆಯನ್ನು ಕೇಳಿ ಕೇಳಿ ಸಾಕಾಗಿದೆ. ಆ ಪದ ಹೇಳುವುದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದ ಮಾತನ್ನು.

ಹಡಗಿನವರ ಬಾಯಲ್ಲಿ ‘ಸ್ಟ್ಯಾಂಡ್ ಬೈ’ ಒಂದು ಅಪ್ಪಣೆ. ಹಗ್ಗದ ಬಳಿಯೋ ಲಂಗರಿನ ಬಳಿಯೋ ಸಿದ್ಧವಾಗಿ ನಿಲ್ಲು, ಮುಂದಿನ ಮಾತು ಬಿದ್ದ ಕೂಡಲೇ ಕೈಹಚ್ಚು ಎಂದರ್ಥ. ಹಳೆಯ ಹಡಗುಗಳಲ್ಲಿ ನಾವಿಕರು ಎಂಜಿನ್ ಕೋಣೆಗೆ ಅಪ್ಪಣೆ ಕಳಿಸುತ್ತಿದ್ದುದು ಟೆಲಿಗ್ರಾಫ್ ಎಂಬ ಹಿಡಿಕೆಯುಳ್ಳ ದುಂಡು ಫಲಕದಿಂದ. ಅದರ ಮೇಲೆ ಮುಂದಕ್ಕೆ, ಹಿಂದಕ್ಕೆ, ನಿಲ್ಲಿಸು ಎಂಬುವುಗಳ ನಡುವೆ ‘ಸ್ಟ್ಯಾಂಡ್ ಬೈ’ಗೂ ಒಂದು ಜಾಗವಿತ್ತು. ಕ್ರಮೇಣ ಆಪತ್ತಿಗೆಂದು ಇಟ್ಟುಕೊಂಡ ಆಳು, ದೋಣಿ, ಯಂತ್ರ ಎಲ್ಲಕ್ಕೂ ಅದೇ ಹೆಸರಾಯಿತು. ಟಿ.ವಿ. ತಯಾರಕರು ಅದನ್ನು ಪುಟ್ಟ ಕೆಂಪು ದೀಪ ಹೊತ್ತಿಸಿಕೊಂಡು ತೂಕಡಿಸುವ ಸ್ಥಿತಿಗೆ ಇಳಿಸಿದರು. ಇಷ್ಟು ದೂರ ಬಂದರೂ ಪದದಲ್ಲಿ ಇರುವುದು ಕಾಯುವುದರ ಮಾತು. ದಣಿಯದೆ ದುಡಿಯುವುದರ ಮಾತು ಎಲ್ಲಿಯೂ ಇಲ್ಲ.

ಜನರೇಟರಿನ ನಾಮಫಲಕಕ್ಕೆ ಬಂದಾಗ ಪದಕ್ಕೆ ಇನ್ನೂ ಬಿಗಿಯಾದ ಅರ್ಥ ಬರುತ್ತದೆ. ಅಲ್ಲಿ ಅದು ಯಂತ್ರದ ಜಾತಿಯಲ್ಲ, ಒಂದು ಮಿತಿ. ಜನರೇಟರುಗಳಿಗೆಂದೇ ಇರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 8528ರ ಪ್ರಕಾರ ತುರ್ತು ಸ್ಟ್ಯಾಂಡ್‌ಬೈ ಎಂದರೆ ವರ್ಷಕ್ಕೆ 200 ಗಂಟೆಗಳವರೆಗೆ, ಅದೂ 24 ಗಂಟೆಗಳ ಸರಾಸರಿ ಲೋಡ್ (ಯಂತ್ರ ಹೊರುವ ವಿದ್ಯುತ್ ಹೊರೆ) ನಮೂದಿಸಿದ ಅಂಕಿಯ ಶೇ 70 ಮೀರದಂತೆ ಓಡಿಸುವುದು. ಮೇಲೆ ಹೆಚ್ಚುವರಿ ಲೋಡ್‌ಗೆ ಅವಕಾಶವಿಲ್ಲ. ಗಂಟೆಗಳಿಗೆ ಮಿತಿಯಿಲ್ಲದೆ ಏರಿಳಿಯುವ ಲೋಡ್ ಹೊರುವ ಸಾಮರ್ಥ್ಯದ ಹೆಸರು ‘ಪ್ರೈಮ್’. ಒಂದೇ ಸಮನೆ ಪೂರ್ತಿ ಲೋಡ್ ಹೊರುವುದು ‘ಕಂಟಿನ್ಯುಯಸ್’. ಒಂದೇ ಎಂಜಿನ್ನಿಗೆ ಪ್ರೈಮ್‌ನಲ್ಲಿ 10 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ), ಸ್ಟ್ಯಾಂಡ್‌ಬೈನಲ್ಲಿ 11 ಕೆವಿಎ ಎಂದು ಬರೆದಿರುವುದು ಮಾಮೂಲು. ಜಾಹೀರಾತಿನಲ್ಲಿ ದಪ್ಪ ಅಕ್ಷರ ಯಾವುದಕ್ಕೆ ಸಿಗುತ್ತದೆ ಎಂದು ಬೇರೆ ಹೇಳಬೇಕೇ?

ಲೆಕ್ಕ ಸುಲಭ. 200 ಗಂಟೆಗಳನ್ನು ವರ್ಷದ ಮೇಲೆ ಹರಡಿದರೆ ದಿನಕ್ಕೆ ಸುಮಾರು 33 ನಿಮಿಷ. ಯಾವಾಗಲೋ ಬಿರುಗಾಳಿಗೆ ತಂತಿ ಹರಿದು ಎರಡು ದಿನ ಕತ್ತಲಾಗುವ ಮನೆಗೆ ಇದು ಧಾರಾಳ. ದಿನಕ್ಕೆ ಎರಡು ಗಂಟೆ ಕರೆಂಟ್ ಹೋಗುವ ಮನೆಯಲ್ಲಿ ಅದು ವರ್ಷಕ್ಕೆ 730 ಗಂಟೆಯಾಗುತ್ತದೆ. ಅಂಥವರು ಸ್ಟ್ಯಾಂಡ್‌ಬೈ ಅಂಕಿಯನ್ನು ನೋಡಲೇಬಾರದು, ಪ್ರೈಮ್ ಅಂಕಿಯನ್ನೇ ಕೇಳಬೇಕು. ಗಾಳಿಯಿಂದ ತಣಿಯುವ ಸಣ್ಣ ಗೃಹಬಳಕೆಯ ಯಂತ್ರಗಳಲ್ಲಿ ಎಷ್ಟೋ ಸಲ ಪ್ರೈಮ್ ಅಂಕಿಯೇ ಇರುವುದಿಲ್ಲ. ಅದೇ ಒಂದು ಉತ್ತರ.

‘ಹಾಗಾದರೆ ದೊಡ್ಡದನ್ನೇ ತಂದರಾಯಿತು’ ಎನ್ನುವವರಿಗೂ ಒಂದು ಮಾತು. ಡೀಸೆಲ್ ಎಂಜಿನ್ ಸದಾ ಶೇ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಓಡಿದರೆ ಸರಿಯಾಗಿ ಬಿಸಿಯೇರುವುದಿಲ್ಲ. ಅರೆಬರೆ ಉರಿದ ಇಂಧನ ಮಸಿಯಾಗಿ, ಜಿಡ್ಡಾಗಿ ಹೊಗೆಕೊಳವೆಯಲ್ಲಿ ಕೂರುತ್ತದೆ. ಗಾತ್ರ ನಿರ್ಧರಿಸುವುದು ಒಟ್ಟು ದೀಪಗಳಲ್ಲ, ಮೋಟರುಗಳು. ಪಂಪ್, ಫ್ರಿಜ್, ಎ.ಸಿ.ಯ ಮೋಟರ್ ಹೊರಡುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯಬಹುದು. ಎಲ್ಲವೂ ಒಟ್ಟಿಗೆ ಹೊರಡದಂತೆ ನೋಡಿಕೊಂಡರೆ ಚಿಕ್ಕ ಯಂತ್ರವೇ ಸಾಕಾಗುತ್ತದೆ. ಕೆವಿಎ ಮತ್ತು ಕಿಲೋವ್ಯಾಟ್ ಒಂದೇ ಅಲ್ಲವೆಂದು ಇಲ್ಲಿ ಪಾಠ ಮಾಡುವುದಿಲ್ಲ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಒದಗುವ ಪಾಲು) 0.8 ಎಂದಿದ್ದರೆ 10 ಕೆವಿಎ ಎಂದರೆ 8 ಕಿಲೋವ್ಯಾಟ್, ಅಷ್ಟೇ.

ಇನ್ನೊಂದು ದುರ್ಬಳಕೆ: ಸ್ಟ್ಯಾಂಡ್‌ಬೈ ಎಂದ ಮೇಲೆ ಕರೆಂಟ್ ಹೋದದ್ದೇ ಗೊತ್ತಾಗಬಾರದಂತೆ. ಗೊತ್ತಾಗುತ್ತದೆ. ಎಂಜಿನ್ ಚಾಲೂ ಆಗಿ, ವೇಗ ಹಿಡಿದು, ಸ್ವಯಂಚಾಲಿತ ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಬೀದಿಯ ಲೈನಿನಿಂದ ಬಿಡಿಸಿ ಜನರೇಟರಿಗೆ ಜೋಡಿಸುವುದು) ಲೋಡನ್ನು ವರ್ಗಾಯಿಸುವಷ್ಟರಲ್ಲಿ ಕೆಲವು ಸೆಕೆಂಡುಗಳು ಕಳೆದಿರುತ್ತವೆ. ಆ ಸಂದನ್ನು ತುಂಬುವುದು ಯುಪಿಎಸ್‌ನ ಕೆಲಸ. ಹಡಗಿನವರ ಅರ್ಥದಲ್ಲಿ ‘ಸಿದ್ಧ’ವಾಗಿರಬೇಕಾದದ್ದು ನಿಜಕ್ಕೂ ಸ್ಟಾರ್ಟಿಂಗ್ ಬ್ಯಾಟರಿ. ಅದಕ್ಕೆ ಚಾರ್ಜರ್ ಜೋಡಿಸಿ, ಆಗಾಗ ಎಂಜಿನ್ನನ್ನು ಓಡಿಸಿ ನೋಡದಿದ್ದರೆ ಬೇಕಾದ ದಿನ ಯಂತ್ರ ಏಳುವುದಿಲ್ಲ.

ಚೇಂಜ್‌ಓವರ್ ಸ್ವಿಚ್‌ನ ವಿಷಯದಲ್ಲಿ ಮಾತ್ರ ಯಾವ ಜಿಪುಣತನವೂ ಸಲ್ಲದು. ಅದಿಲ್ಲದೆ ಪ್ಲಗ್ ಪಾಯಿಂಟಿನ ಮೂಲಕ ಮನೆಗೆ ಜನರೇಟರ್ ಜೋಡಿಸಿದರೆ ವಿದ್ಯುತ್ ಹಿಮ್ಮುಖವಾಗಿ ಬೀದಿಯ ಟ್ರಾನ್ಸ್‌ಫಾರ್ಮರ್ ತಲುಪಿ ಸಾವಿರಾರು ವೋಲ್ಟ್‌ಗೆ ಏರುತ್ತದೆ. ಅಲ್ಲಿ ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದವರು ಇರುತ್ತಾರೆ. ಯಂತ್ರವನ್ನು ಹೊರಗೆ, ಕಿಟಕಿ ಬಾಗಿಲುಗಳಿಂದ ದೂರವೇ ಇಡಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಗ್ಯಾರೇಜಿನ ಬಾಗಿಲು ತೆರೆದಿಟ್ಟರೆ ಸಾಕು ಎಂಬುದು ತಪ್ಪು.