ಎರೆಹೊಲದ ದಾರಿಗೆ ಯಾವ ಗೇರು?

“ಕಾಕಾ, ಥಾರ್ ತಗೋಬೇಕಂತ ಮಾಡೀನಿ. ಆಟೋಮ್ಯಾಟಿಕ್ ತಗೊಳ್ಲೋ, ಗೇರಿಂದು ತಗೊಳ್ಲೋ?” ವಿಜಯಪುರದಿಂದ ಅಣ್ಣನ ಮಗ ಫೋನ್ ಮಾಡಿ ಕೇಳಿದ. ಅವನ ಹೊಲ ಡೋಣಿ ನದಿ ಕಡೆಗಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತಾರಲ್ಲ, ಅದೇ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಹಿಗ್ಗಿ, ಟೈರಿಗೆ ಮೆತ್ತಿಕೊಳ್ಳುತ್ತದೆ. ಆ ದಾರಿಯಲ್ಲೇ ಒಮ್ಮೆ ನಾನು ಹಾಫ್ ಕ್ಲಚ್ಚಿನಲ್ಲಿ ರೇಸ್ ಕೊಟ್ಟು ಕೊಟ್ಟು ಕ್ಲಚ್ ಪ್ಲೇಟ್ ಸುಟ್ಟುಕೊಂಡಿದ್ದೆ. ಹಾಗಾಗಿ ಅವನಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ.

ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿ ಅಂದ ಮೇಲೆ ಕೈಯಲ್ಲಿ ಹಾಕುವ ಗೇರೇ ಇರಬೇಕು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ಸುಮ್ನೆ ಹುಟ್ಟಿದ್ದಲ್ಲ. 1941ರಿಂದ ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿಗೆ ಇದ್ದದ್ದು 60 ಅಶ್ವಶಕ್ತಿ, ಮೂರು ಗೇರು. ನೆಲದಿಂದ ಮೂರು ಕೋಲು ಎದ್ದಿರುತ್ತಿದ್ದವು. ಒಂದು ಗೇರಿಗೆ, ಒಂದು ಮುಂದಿನ ಚಕ್ರ ಜೋಡಿಸಲು, ಇನ್ನೊಂದು ಹೈ-ಲೋ ಬದಲಿಸಲು (ಲೋ ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ). ಆ ಹೊತ್ತಿಗೆ ಅಮೆರಿಕದ ಕಾರುಗಳಿಗೆ ಆಟೋಮ್ಯಾಟಿಕ್ ಬಂದಾಗಿತ್ತು. ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ 1939ರದ್ದು. ಆದರೆ ಆಟೋಮ್ಯಾಟಿಕ್ ಪೆಟ್ಟಿಗೆಯಲ್ಲಿ ಶಕ್ತಿ ಎಣ್ಣೆಯ ಮೂಲಕ ಸಾಗುತ್ತದೆ. ದಾರಿಯಲ್ಲಿ ಒಂದಿಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಇರುವುದೇ 60 ಅಶ್ವಶಕ್ತಿ ಅಂದರೆ ಅದರಲ್ಲಿ ಕಳೆದುಕೊಳ್ಳುವುದೇನು? ಕೆಟ್ಟರೆ ರಸ್ತೆ ಬದಿಯಲ್ಲೇ ಬಿಚ್ಚಿ ಸರಿಮಾಡುವಂತೆಯೂ ಇರಬೇಕಿತ್ತು.

1940ರ ದಶಕದ ಕೊನೆಗೆ ಮಹೀಂದ್ರಾ ಅದೇ ವಿಲ್ಲಿಸ್ ಜೀಪನ್ನು ಮುಂಬೈಯಲ್ಲಿ ಜೋಡಿಸತೊಡಗಿತು. 1985ರ ಕೊನೆಗೆ ಮಾರುತಿ ಜಿಪ್ಸಿ ಬಂತು. ನಮ್ಮ ಕಡೆಯ ಬೆಳಗಾವಿ ಸೇನೆಯ ಕ್ಯಾಂಪಿನ ಊರು, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಅಲ್ಲೇ ಇದೆ. ಸೇನೆಯ ಜೀಪು, ಆಮೇಲೆ ಜಿಪ್ಸಿ ನೋಡುತ್ತಲೇ ಎರಡು ತಲೆಮಾರು ಬೆಳೆಯಿತು. ಜಿಪ್ಸಿ 30 ವರ್ಷಕ್ಕೂ ಜಾಸ್ತಿ ಮಾರಾಟದಲ್ಲಿತ್ತು. ಒಮ್ಮೆಯೂ ನಮ್ಮಲ್ಲಿ ಆಟೋಮ್ಯಾಟಿಕ್ ಆಗಿ ಬರಲಿಲ್ಲ. ಆರಿಸಿಕೊಳ್ಳಲು ಎರಡನೆಯದು ಇರಲೇ ಇಲ್ಲ, ಅಲ್ವಾ? ಇದ್ದದ್ದನ್ನೇ ಸರಿ ಅಂದುಕೊಂಡೆವು.

ಹೊರಗೆ ಕತೆ ಬೇರೆ. 1962ರಲ್ಲಿ ಬಂದ ಜೀಪ್ ವ್ಯಾಗನಿಯರ್‌ನಲ್ಲಿ ಫೋರ್ ಬೈ ಫೋರ್ ಜೊತೆ ಆಟೋಮ್ಯಾಟಿಕ್ ಸಿಗುತ್ತಿತ್ತು. ಬ್ರಿಟನ್ನಿನ ರೇಂಜ್ ರೋವರ್ ಮಾತ್ರ 1970ರಲ್ಲಿ ಹುಟ್ಟಿ, 1982ರವರೆಗೆ ಕಾಯಿತು. ಆಮೇಲೆ ಆಟೋಮ್ಯಾಟಿಕ್ ಪೆಟ್ಟಿಗೆಯೇ ಬದಲಾಯಿತು. ಮೂರು ಗೇರು ಆರಾದವು. ವೇಗ ಹಿಡಿದ ಮೇಲೆ ಎಣ್ಣೆಯ ಜಾರಾಟ ನಿಲ್ಲಿಸುವ ಲಾಕ್ ಬಂತು. ಎಂಜಿನ್‌ಗಳೂ ಗಟ್ಟಿಯಾದವು. 2020ರ ಅಕ್ಟೋಬರ್ 2ರಂದು ಮಹೀಂದ್ರಾದ ಹೊಸ ಥಾರ್ ಆರು ಗೇರಿನ ಆಟೋಮ್ಯಾಟಿಕ್ ಜೊತೆ ಬಂದಾಗ ಅದರ ಡೀಸೆಲ್ ಎಂಜಿನ್‌ಗೆ 130 ಅಶ್ವಶಕ್ತಿ ಇತ್ತು. ಹಳೆಯ ಜೀಪಿನ ಎರಡು ಪಟ್ಟಿಗಿಂತ ಜಾಸ್ತಿ. ಸ್ವಲ್ಪ ಕಳೆದರೂ ಗಾಡಿ ಬಳಲುವುದಿಲ್ಲ. 2023ರಲ್ಲಿ ಮಾರುತಿಯ ಜಿಮ್ನಿಯೂ ನಾಲ್ಕು ಗೇರಿನ ಆಟೋಮ್ಯಾಟಿಕ್ ತಂದಿತು.

ಈಗ ರಾಡಿಯ ಮಾತು. ಎರೆಮಣ್ಣಿನಲ್ಲಿ ಗಾಡಿ ನಿಂತರೆ ಹೂತಿತು ಅಂತಲೇ ಲೆಕ್ಕ. ಕ್ಲಚ್ ಒತ್ತಿ ಗೇರು ಬದಲಿಸುವ ಆ ಅರೆಕ್ಷಣ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಒಣ ರಸ್ತೆಯಲ್ಲಿ ಅದು ಗೊತ್ತೂ ಆಗುವುದಿಲ್ಲ. ರಾಡಿಯಲ್ಲಿ ಅಷ್ಟರಲ್ಲೇ ಓಟ ಸತ್ತುಹೋಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ಎಳೆತ ಹೆಚ್ಚುಕಡಿಮೆ ಕಡಿಯುವುದೇ ಇಲ್ಲ. ಜೊತೆಗೆ, ಅದರೊಳಗಿನ ಟಾರ್ಕ್ ಕನ್ವರ್ಟರ್ ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚು ಬಲವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಕಾಲಲ್ಲಿ ಒತ್ತಿ ಸುಟ್ಟುಕೊಳ್ಳುವಂಥ ಕ್ಲಚ್ ಅದರಲ್ಲಿಲ್ಲ. ಆದರೆ ಹೂತಲ್ಲೇ ಸುಮ್ನೆ ರೇಸ್ ಕೊಡುತ್ತಾ ಕೂತರೆ ಎಣ್ಣೆ ಕಾದು ಪೆಟ್ಟಿಗೆಗೇ ಪೆಟ್ಟು. ಆ ಖರ್ಚು ಕ್ಲಚ್ ಪ್ಲೇಟಿಗಿಂತ ಬಹಳ ದೊಡ್ಡದು. ಇನ್ನು ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಲೋ, ಎರಡರಲ್ಲೂ ಒಂದೇ. ಅದು ಇರುವುದು ಗೇರ್ ಪೆಟ್ಟಿಗೆಯ ಹಿಂದೆ, ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ನಲ್ಲಿ. ಟೈರಿನ ಹಲ್ಲು ಮಣ್ಣು ತುಂಬಿ ನುಣ್ಣಗಾದರೆ ಮಾತ್ರ ಯಾವ ಗೇರೂ ಉಳಿಸದು.

ಇಳಿಜಾರಿನಲ್ಲಿ ಕೈಗೇರಿಗೇ ನನ್ನ ಮತ. ಫೋರ್ ಲೋ, ಒಂದನೇ ಗೇರು ಹಾಕಿ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಹೊಸ ಆಟೋಮ್ಯಾಟಿಕ್‌ಗಳಲ್ಲಿ ಗೇರನ್ನು ನಾವೇ ಹಿಡಿದಿಡಬಹುದು, ಇಳಿಯುವಾಗ ತಾನೇ ಬ್ರೇಕ್ ಹಿಡಿಯುವ ಸೌಕರ್ಯವೂ ಇದೆ. ಗೋವಾ ದಾರಿಯ ಚೋರ್ಲಾ ಘಾಟಿನಂಥ ಡಾಂಬರು ಇಳಿತಕ್ಕೆ ಅಷ್ಟು ಸಾಕು. ಆದರೆ ಅದನ್ನು ಡಿ, ಅಂದರೆ ಡ್ರೈವ್‌ನಲ್ಲೇ ಬಿಟ್ಟು ಬ್ರೇಕ್ ತುಳಿಯುತ್ತಾ ಇಳಿಯುವವರೇ ಜಾಸ್ತಿ. ಬ್ರೇಕ್ ಕಾಯುವುದು ಅದಕ್ಕೇ.

ಇನ್ನೊಂದು ಭಯ ಬ್ಯಾಟರಿಯದ್ದು. ಕೈಗೇರಿನ ಗಾಡಿಯನ್ನು ನಾಲ್ಕು ಮಂದಿ ದಬ್ಬಿದರೆ ಶುರುವಾಗುತ್ತದೆ. ಆಟೋಮ್ಯಾಟಿಕ್ ಹಾಗಲ್ಲ. ಅದರ ಎಣ್ಣೆ ಪಂಪ್ ತಿರುಗಲು ಎಂಜಿನ್ ಓಡುತ್ತಿರಬೇಕು.

ಅಣ್ಣನ ಮಗ ದಿನಾ ವಿಜಯಪುರ ಪೇಟೆಯಲ್ಲಿ ಓಡಾಡುತ್ತಾನೆ, ವಾರಕ್ಕೆರಡು ಸಲ ಹೊಲಕ್ಕೆ ಹೋಗುತ್ತಾನೆ, ಗುಡ್ಡ ಹತ್ತುವ ಹವ್ಯಾಸವಿಲ್ಲ. ಆಟೋಮ್ಯಾಟಿಕ್ ತಗೋ ಅಂದೆ. ಮಣ್ಣಿನ ದಾರಿಗೆ ಆಗುವ ಟೈರು ಹಾಕಿಸು, ಬೇರೆ ಗಾಡಿಯ ಬ್ಯಾಟರಿಯಿಂದ ಶುರು ಮಾಡಲು ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇಟ್ಟುಕೋ, ಹೂತರೆ ರೇಸ್ ಕೊಡದೆ ಕೆಳಗಿಳಿದು ಸಲಿಕೆ ಹಿಡಿ ಅಂತಲೂ ಹೇಳಿದೆ. ಊರಲ್ಲಿರುವ ಅಪ್ಪನ ಹಳೇ ಜೀಪನ್ನು ಮಾರಲೇ ಅಂತ ಕೇಳಿದ. ಅದನ್ನು ಮಾತ್ರ ಬೇಡ ಅಂದೆ. ಅಣ್ಣ ಇಂದಿಗೂ ಅದನ್ನು ಮನೆ ಮುಂದಿನ ಇಳಿಜಾರಿನಲ್ಲೇ ನಿಲ್ಲಿಸುತ್ತಾನೆ, ಬೆಳಿಗ್ಗೆ ಉರುಳಿಸಿಯೇ ಶುರು ಮಾಡುತ್ತಾನೆ.